ಡಬ್ಬಿಯೊಳಗಿನ ಪರಿಮಳ ಎಲ್ಲಿ ಹೋಯಿತು?

ಒಣಗಿಸಿದ ಸೊಪ್ಪು, ಕಾಳು, ಬೇರುಗಳನ್ನು ಬಹಳ ದಿನ ಇಟ್ಟರೆ ಏನಾಗುತ್ತದೆ? ಸಂಘದ ಸಭೆಯಲ್ಲಿ ಓದಿ ಚರ್ಚಿಸಿ.



ಮಳೆಗಾಲ ಬಂತೆಂದರೆ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಕಷಾಯದ ಪಾತ್ರೆ ಒಲೆ ಏರುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೆಂತೆ, ಒಣಶುಂಠಿ, ನಾಲ್ಕು ಏಲಕ್ಕಿ. ಇಷ್ಟನ್ನು ಹುರಿದು ಪುಡಿ ಮಾಡಿಟ್ಟರೆ ಆಯಿತು. ಇದಕ್ಕೆ ಪೇಟೆಯಲ್ಲಿ ಒಳ್ಳೆ ಬೇಡಿಕೆ ಇದೆ ಅಂತ ನಮ್ಮ ಎಷ್ಟೋ ಸಂಘಗಳು ಕಷಾಯ ಪುಡಿ ಮಾಡಿ ಮಾರುತ್ತಿವೆ. ಸಂತೋಷದ ವಿಷಯ. ಆದರೆ ಒಂದು ಸಂಘಕ್ಕೆ ಆದ ನಷ್ಟದ ಕಥೆಯನ್ನು ಮೊದಲು ಹೇಳಬೇಕು. ಸಂಘದ ಹೆಸರು ಬೇಡ. "ನಮಗಾದದ್ದು ಬೇರೆಯವರಿಗೆ ಆಗೋದು ಬೇಡ, ಬರೆಯಿರಿ" ಎಂದು ಅವರೇ ಹೇಳಿದ್ದಾರೆ.

ಆ ಸಂಘದವರು ಸಾಲ ಪಡೆದು ಮಾರ್ಚ್ ತಿಂಗಳಲ್ಲಿ, ಹೊಸ ಕೊತ್ತಂಬರಿ ಬಂದು ದರ ಇಳಿದಿದ್ದಾಗ, ಸಾಮಾನು ಖರೀದಿಸಿದರು. ಅಲ್ಲಿಯವರೆಗೆ ಸರಿ. ಮಿಲ್ಲು ದೂರ, ಪದೇ ಪದೇ ಹೋಗುವುದು ಯಾಕೆ ಅಂತ 40 ಕಿಲೋ ಸಾಮಾನನ್ನೂ ಏಪ್ರಿಲ್‌ನಲ್ಲೇ ಒಂದೇ ಸಲ ಪುಡಿ ಮಾಡಿಸಿದರು. ತೆಳು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಒಬ್ಬರ ಮನೆಯ ಅಟ್ಟದಲ್ಲಿ, ಶೀಟಿನ ಮಾಡಿನ ಕೆಳಗೆ ಇಟ್ಟರು. ಜೂನ್‌ನಲ್ಲಿ ವ್ಯಾಪಾರ ಚೆನ್ನಾಗಿತ್ತು. ಆಗಸ್ಟ್‌ನಲ್ಲಿ ಅಂಗಡಿಯವರು ಕರೆದು, "ಅಕ್ಕಾ, ಇದ್ರಲ್ಲಿ ಪರಿಮಳವೇ ಇಲ್ಲ. ಗಿರಾಕಿಗಳು ವಾಪಸ್ ತಂದು ಕೊಡ್ತಾ ಇದ್ದಾರೆ" ಎಂದರು. 13 ಕಿಲೋ ಪುಡಿ ಹಿಂದೆ ಬಂತು. ಹುಳ ಆಗಿರಲಿಲ್ಲ, ಬೂಷ್ಟು ಹಿಡಿದಿರಲಿಲ್ಲ, ತೂಕವೂ ಕಡಿಮೆ ಆಗಿರಲಿಲ್ಲ. ಹೋದದ್ದು ಪರಿಮಳ ಒಂದೇ. ಆದರೆ ಗಿರಾಕಿ ದುಡ್ಡು ಕೊಡುವುದೇ ಅದಕ್ಕಲ್ಲವೇ? ಆ ಸಂಘದ ಎರಡು ತಿಂಗಳ ಸಾಲದ ಕಂತು ಬಾಕಿಯಾಯಿತು. ಒಂದೇ ಸಲ ಪುಡಿ ಮಾಡಿಸಿದ್ದರಿಂದ ಉಳಿದದ್ದು ನಾಲ್ಕಾರು ಸಲದ ಆಟೋ ಬಾಡಿಗೆ. ಕಳೆದದ್ದು 13 ಕಿಲೋ ಪುಡಿಯ ಬೆಲೆ ಮತ್ತು ಅಂಗಡಿಯವರ ನಂಬಿಕೆ.

ಹಾಗಾದರೆ ಪರಿಮಳ ಎಲ್ಲಿ ಹೋಯಿತು?

ಪರಿಮಳ ಅಂದರೆ ಎಣ್ಣೆ

ತುಳಸಿ, ಪುದೀನ, ಮಜ್ಜಿಗೆ ಹುಲ್ಲು, ಏಲಕ್ಕಿ, ಜೀರಿಗೆ, ಲಾವಂಚ ಇವುಗಳ ವಾಸನೆಗೆ ಕಾರಣ ಅವುಗಳೊಳಗಿರುವ ಒಂದು ಬಗೆಯ ಎಣ್ಣೆ. ಇದನ್ನು ಸುಗಂಧ ತೈಲ ಎನ್ನುತ್ತಾರೆ. ಇದು ತೆಂಗಿನೆಣ್ಣೆ, ಕಡಲೆ ಎಣ್ಣೆಯ ಜಾತಿಯದ್ದಲ್ಲ. ತೆಂಗಿನೆಣ್ಣೆಯ ಹನಿ ಕಾಗದದ ಮೇಲೆ ಬಿದ್ದರೆ ಕಲೆ ಹಾಗೇ ಉಳಿಯುತ್ತದೆ. ಸುಗಂಧ ತೈಲದ ಹನಿ ಹೆಚ್ಚಾಗಿ ಗಾಳಿಗೆ ಆರಿ ಹೋಗುತ್ತದೆ. ಆರಿ ಹೋಗುವ ಗುಣ ಇರುವುದರಿಂದಲೇ ಅದು ನಮ್ಮ ಮೂಗಿಗೆ ಬಂದು ತಲುಪುತ್ತದೆ. ಹಾಗಾಗಿ ಒಂದು ಮಾತು ನೆನಪಿಡಿ: ಡಬ್ಬಿಯ ಹೊರಗೆ ನಿಮಗೆ ಪರಿಮಳ ಬರುತ್ತಿದೆ ಅಂದರೆ, ಡಬ್ಬಿಯ ಒಳಗಿನ ಎಣ್ಣೆ ಅಷ್ಟಷ್ಟೇ ಖರ್ಚಾಗುತ್ತಿದೆ ಎಂದರ್ಥ.

ಈ ಎಣ್ಣೆ ಇರುವುದಾದರೂ ಎಷ್ಟು? ನೂರು ಕಿಲೋ ಕಾಳುಮೆಣಸಿನಲ್ಲಿ ಸುಮಾರು 2ರಿಂದ 4 ಕಿಲೋ. ಲವಂಗದಲ್ಲಿ ಹೆಚ್ಚು, 15ರಿಂದ 20 ಕಿಲೋ. ನಮ್ಮ ಕೊತ್ತಂಬರಿಯಲ್ಲಿ ಒಂದು ಕಿಲೋ ಕೂಡ ಇರುವುದಿಲ್ಲ. ಇರುವುದೇ ಅಷ್ಟು ಕಡಿಮೆ. ಅದರಲ್ಲಿ ಸ್ವಲ್ಪ ಹೋದರೂ ಗೊತ್ತಾಗಿಬಿಡುತ್ತದೆ. ಆದರೆ ತಕ್ಕಡಿಗೆ ಗೊತ್ತಾಗುವುದಿಲ್ಲ!

ಎಣ್ಣೆ ಎಲ್ಲಿ ಕೂತಿದೆ?

ಒಂದೊಂದು ಗಿಡ ಒಂದೊಂದು ಕಡೆ ತನ್ನ ಎಣ್ಣೆಯನ್ನು ಬಚ್ಚಿಡುತ್ತದೆ. ಎಷ್ಟು ದಿನ ಬಾಳಿಕೆ ಬರುತ್ತದೆ ಎಂಬುದು ಬಹಳಷ್ಟು ಇದರ ಮೇಲೆ ಹೋಗುತ್ತದೆ.

ತುಳಸಿ, ಪುದೀನ, ದೊಡ್ಡಪತ್ರೆ, ಮರುಗ ಇವುಗಳ ಎಣ್ಣೆ ಎಲೆಯ ಮೇಲ್ಮೈಯಲ್ಲೇ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ಇರುತ್ತದೆ. ಎಲೆಯನ್ನು ಸುಮ್ಮನೆ ಸವರಿದರೂ ಕೈಗೆ ವಾಸನೆ ಹತ್ತುವುದು ಅದಕ್ಕೇ. ಒಣಗಿದ ಎಲೆ ಪುಡಿಪುಡಿಯಾದರೆ ಈ ಗುಳ್ಳೆಗಳು ಒಡೆಯುತ್ತವೆ.

ಮಜ್ಜಿಗೆ ಹುಲ್ಲಿನ ಎಣ್ಣೆ ಎಲೆಯ ಒಳಗಿದೆ. ಕತ್ತರಿಸಿದಷ್ಟೂ ಅದಕ್ಕೆ ಬಾಗಿಲು ತೆರೆಯುತ್ತದೆ.

ಕೊತ್ತಂಬರಿ, ಜೀರಿಗೆ, ಸೋಂಪು, ಓಮ ಇವುಗಳ ಕಾಳಿನಲ್ಲಿ ಸಣ್ಣ ಸಣ್ಣ ಎಣ್ಣೆಯ ಕೊಳವೆಗಳಿವೆ. ಕಾಳು ಇಡಿಯಾಗಿ ಇರುವವರೆಗೆ ಅವು ಮುಚ್ಚಿದ ಭರಣಿಗಳಂತೆ.

ಏಲಕ್ಕಿಯ ಎಣ್ಣೆ ಇರುವುದು ಒಳಗಿನ ಬೀಜದಲ್ಲಿ. ಸಿಪ್ಪೆಯಲ್ಲಿ ತೀರಾ ಕಡಿಮೆ. ಸಿಪ್ಪೆಯದ್ದು ಕಾವಲು ಕೆಲಸ. ಸಿಪ್ಪೆ ತೆಗೆದ ಬೀಜ, ಕಾವಲಿಲ್ಲದ ತೋಟ ಎರಡೂ ಒಂದೇ.

ಶುಂಠಿಯಲ್ಲಿ ಹೊರಸಿಪ್ಪೆಯ ಕೆಳಗೇ ಎಣ್ಣೆ ಹೆಚ್ಚು. ಆದ್ದರಿಂದ ಒಣಗಿಸುವ ಶುಂಠಿಯ ಸಿಪ್ಪೆಯನ್ನು ದಪ್ಪಕ್ಕೆ ಹೆರೆಯಬೇಡಿ. ತೆಳ್ಳಗೆ ಕೆರೆದರೆ ಸಾಕು.

ಎಣ್ಣೆ ಕಳೆಯುವ ನಾಲ್ಕು ದಾರಿ

ಮೊದಲನೆಯದು, ಹಾರಿ ಹೋಗುವುದು. ಸುಗಂಧ ತೈಲ ಎಂದರೆ ಒಂದೇ ವಸ್ತುವಲ್ಲ, ಹತ್ತಾರು ವಸ್ತುಗಳ ಮಿಶ್ರಣ. ಕೆಲವು ಹಗುರ, ಕೆಲವು ಭಾರ. ನೆಲಕ್ಕೆ ಬಿದ್ದ ಪೆಟ್ರೋಲ್ ಕ್ಷಣದಲ್ಲಿ ಆರುತ್ತದೆ, ಸೀಮೆಎಣ್ಣೆ ನಿಧಾನವಾಗಿ ಆರುತ್ತದೆ. ಇಲ್ಲಿಯೂ ಹಾಗೆಯೇ. ಹಗುರವಾದವು ಮೊದಲು ಹೊರಡುತ್ತವೆ, ಭಾರದವು ಉಳಿಯುತ್ತವೆ. ಅದಕ್ಕೇ ಹಳೆಯ ಸಾಮಾನಿನ ವಾಸನೆ ಬರೀ ಕಡಿಮೆಯಾಗುವುದಲ್ಲ, ಬದಲಾಗಿಯೂ ಹೋಗುತ್ತದೆ.

ಎರಡನೆಯದು, ಗಾಳಿ ತಾಗಿ ಕೆಡುವುದು. ಹಳೇ ಕೊಬ್ಬರಿಗೆ ಕಮಟು ವಾಸನೆ ಬರುವುದು ನಮಗೆಲ್ಲ ಗೊತ್ತು. ಗಾಳಿಯಲ್ಲಿರುವ ಆಮ್ಲಜನಕ ಎಣ್ಣೆಯನ್ನು ಕೆಡಿಸುತ್ತದೆ. ಸುಗಂಧ ತೈಲಕ್ಕೂ ಇದೇ ಕಾಟ. ಮಜ್ಜಿಗೆ ಹುಲ್ಲಿಗೆ ನಿಂಬೆಯ ಪರಿಮಳ ಕೊಡುವ ಸಿಟ್ರಾಲ್ ಎಂಬ ವಸ್ತು ಗಾಳಿ, ಬೆಳಕು ತಾಗಿದರೆ ಬೇಗ ಹಾಳಾಗುತ್ತದೆ. ಆಮೇಲೆ ಉಳಿಯುವುದು ಬರೀ ಒಣಹುಲ್ಲಿನ ವಾಸನೆ. ಒಣಶುಂಠಿಯಲ್ಲೂ ಮುಖ್ಯ ಪರಿಮಳದ ವಸ್ತು ಕಾಲ ಕಳೆದಂತೆ ಬೇರೆ ವಸ್ತುವಾಗಿ ಮಾರ್ಪಡುತ್ತದೆ.

ಮೂರನೆಯದು, ಬಿಸಿ ಮತ್ತು ಬೆಳಕು. ಇವು ಮೇಲಿನ ಎರಡೂ ಕೆಲಸಕ್ಕೆ ಬೆನ್ನು ತಟ್ಟುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಇಂತಹ ಕೆಡುವ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದಲ್ಲಿ ಬಳಸುವ ಒಂದು ಅಂದಾಜು ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ಒಮ್ಮೆ ನಿಂತು ನೋಡಿ. ಆ ಕಾವಿನಲ್ಲಿ ಎರಡು ತಿಂಗಳು ಕೂತ ಪುಡಿಯ ಗತಿ ಏನಾಗಿರಬಹುದು!

ನಾಲ್ಕನೆಯದು, ತೇವ. ಮಳೆಗಾಲದ ಗಾಳಿಯಲ್ಲೇ ನೀರಿರುತ್ತದೆ. ತೇವ ಹೀರಿಕೊಂಡ ಸಾಮಾನಿನಲ್ಲಿ ಎಣ್ಣೆಯ ಕೆಲವು ಭಾಗ ಒಡೆದು ಬೇರೆ ವಸ್ತುವಾಗುತ್ತದೆ. ಏಲಕ್ಕಿಯ ಸಿಹಿ ಪರಿಮಳದ ಭಾಗ ಹೀಗೆ ಕಡಿಮೆಯಾಗಿ, ನೀಲಗಿರಿ ಎಣ್ಣೆಯಂತಹ ಖಾರದ ವಾಸನೆ ಎದ್ದು ಕಾಣಬಹುದು. ಅದಕ್ಕಿಂತ ದೊಡ್ಡ ಅಪಾಯ ಬೂಷ್ಟು. ಅದರ ಬಗ್ಗೆ ಮುಂದೆ ಹೇಳುತ್ತೇವೆ.

ಪುಡಿ ಮಾಡಿದ ಕ್ಷಣದಿಂದ ಓಟ ಶುರು

ಕಾಳು ಇಡಿಯಾಗಿದ್ದಾಗ ಎಣ್ಣೆ ಮುಚ್ಚಿದ ಭರಣಿಯಲ್ಲಿದೆ ಎಂದೆವು. ಪುಡಿ ಮಾಡುವುದು ಎಂದರೆ ಸಾವಿರಾರು ಭರಣಿಗಳನ್ನು ಒಟ್ಟಿಗೆ ಒಡೆದು ಹಾಕಿದ ಹಾಗೆ. ಮಿಲ್ಲಿನ ಬಿಸಿಯಲ್ಲಿಯೇ ಒಂದು ಪಾಲು ಹಾರುತ್ತದೆ. ಮಿಲ್ಲಿನ ಹತ್ತಿರ ಹೋದಾಗ ಘಮ್ ಅಂತ ವಾಸನೆ ಬರುತ್ತದಲ್ಲ, ಅದು ನಮ್ಮ ಪುಡಿಯಿಂದ ಹೋದದ್ದೇ. ಹೀಗೆ ಆಗಬಾರದೆಂದು ಕೆಲವು ದೊಡ್ಡ ಕಾರ್ಖಾನೆಗಳಲ್ಲಿ ದ್ರವ ಸಾರಜನಕ ಬಳಸಿ, ಮಸಾಲೆಯನ್ನು ಹಿಮಕ್ಕಿಂತ ತಣ್ಣಗೆ ಮಾಡಿ ಪುಡಿ ಮಾಡುತ್ತಾರೆ. ನಮಗೆ ಅದು ಆಗುವ ಮಾತಲ್ಲ. ಆದರೆ ಹುರಿದ ಸಾಮಾನು ಪೂರ್ತಿ ತಣಿದ ಮೇಲೆ, ಬೆಳಗಿನ ತಂಪು ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವೇ ಹಾಕಿ ಪುಡಿ ಮಾಡಿಸುವುದು ನಮ್ಮ ಕೈಯಲ್ಲಿದೆ.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳೂ ಈ ವ್ಯತ್ಯಾಸವನ್ನು ಒಪ್ಪಿಕೊಂಡಿವೆ. 2011ರಲ್ಲಿ ಬಂದ ನಿಯಮಗಳಲ್ಲಿ ಇಡೀ ಕಾಳುಮೆಣಸಿನಲ್ಲಿ ಹಾರುವ ಎಣ್ಣೆ ಶೇಕಡಾ 2ಕ್ಕಿಂತ ಕಡಿಮೆ ಇರಬಾರದು ಎಂದಿದೆ. ಪುಡಿಗೆ ಅದೇ ಲೆಕ್ಕ ಶೇಕಡಾ 1.75. ಜೀರಿಗೆಗೆ ಶೇಕಡಾ 1.5, ಅದರ ಪುಡಿಗೆ 1.3. ಪುಡಿಯಾದರೆ ಎಣ್ಣೆ ಕಡಿಮೆಯಾಗುತ್ತದೆ ಅಂತ ಕಾನೂನಿಗೂ ಗೊತ್ತು!

ನಾಲಿಗೆ, ಕಣ್ಣು ಎರಡೂ ಮೋಸ ಹೋಗುತ್ತವೆ

"ಖಾರ ಇದೆಯಲ್ಲ, ಹಾಗಾದರೆ ಮೆಣಸು ಚೆನ್ನಾಗಿದೆ" ಎಂದು ನಾವು ಹೇಳುವುದುಂಟು. ಇದು ತಪ್ಪು ಲೆಕ್ಕ. ಕಾಳುಮೆಣಸಿನ ಖಾರಕ್ಕೆ ಕಾರಣ ಪೈಪರಿನ್ ಎಂಬ ಬೇರೆ ವಸ್ತು. ಅದು ಹಾರಿ ಹೋಗುವ ಜಾತಿಯದ್ದಲ್ಲ. ಪರಿಮಳ ಪೂರ್ತಿ ಹೋದ ಮೇಲೂ ಖಾರ ಉಳಿದಿರುತ್ತದೆ. ಅರಿಸಿನದ ಹಳದಿ ಬಣ್ಣವೂ ಎಣ್ಣೆಯದ್ದಲ್ಲ. ಕತ್ತಲಲ್ಲಿಟ್ಟ ಅರಿಸಿನ ಪುಡಿ ಬಣ್ಣದಲ್ಲಿ ಹೊಸದರಂತೆ ಕಂಡರೂ ವಾಸನೆ ಸತ್ತಿರಬಹುದು. ಆದ್ದರಿಂದ ಹಳೇ ಸ್ಟಾಕನ್ನು ನೋಡುವಾಗ ಕಣ್ಣು, ನಾಲಿಗೆಗಳ ಜೊತೆ ಮೂಗನ್ನೂ ಕೇಳಬೇಕು. ಕಷಾಯ ಪುಡಿಯ ವಿಷಯದಲ್ಲಿ ಆ ಸಂಘದವರಿಗೆ ಆದದ್ದೂ ಇದೇ. ಅವರು ರುಚಿ ನೋಡಿದ್ದರು, ಮೆಣಸಿನ ಖಾರ ಸಿಕ್ಕಿತ್ತು. ಕೊತ್ತಂಬರಿ, ಏಲಕ್ಕಿಯ ಪರಿಮಳ ಇಲ್ಲದ್ದು ಗಮನಕ್ಕೇ ಬರಲಿಲ್ಲ.

ಹಾಗಂತ ಎಲ್ಲವೂ ಹಳತಾದರೆ ಕೆಡುವುದಿಲ್ಲ

ಲಾವಂಚದ ಬೇರನ್ನು ನೋಡಿ. ಅಜ್ಜಿ ಕಾಲದ ಲಾವಂಚದ ಬೀಸಣಿಗೆಗೆ ಇವತ್ತು ನೀರು ಚಿಮುಕಿಸಿದರೂ ಪರಿಮಳ ಏಳುತ್ತದೆ. ಕಾರಣ, ಲಾವಂಚದ ಎಣ್ಣೆ ಭಾರ ಜಾತಿಯದ್ದು, ಬೇರಿನ ಒಳಗೆ ಬಿಗಿಯಾಗಿ ಕೂತಿರುತ್ತದೆ. ಆದ್ದರಿಂದ ಲಾವಂಚದ ಚಾಪೆ, ಬುಟ್ಟಿ, ಬೊಂಬೆ ಮಾಡುವ ಸಹೋದರಿಯರು ಸ್ಟಾಕ್ ಇಟ್ಟುಕೊಳ್ಳಲು ಅಷ್ಟು ಹೆದರಬೇಕಾಗಿಲ್ಲ. ತೇವ ತಾಗಿ ಬೂಷ್ಟು ಬರದಂತೆ ನೋಡಿಕೊಂಡರೆ ಸಾಕು. ಪಚೋಲಿ ಎಂಬ ಸುಗಂಧದ ಗಿಡವಿದೆ. ಅದರ ಎಲೆಯನ್ನು ಹಸಿಯಾಗಿ ಬಟ್ಟಿ ಇಳಿಸುವುದಿಲ್ಲ, ಒಣಗಿಸಿ ಕೆಲವು ಕಾಲ ಇಟ್ಟ ಮೇಲೆಯೇ ಎಣ್ಣೆ ತೆಗೆಯುತ್ತಾರೆ.

ಹೀಗೆ ಒಂದೊಂದಕ್ಕೆ ಒಂದೊಂದು ಆಯಸ್ಸು. ಸಂಘಗಳು ರೂಢಿ ಮಾಡಿಕೊಳ್ಳಲು ನಾವು ಹೇಳುವ ಲೆಕ್ಕ ಇಷ್ಟು. ಇದು ಕಾನೂನಲ್ಲ, ನಷ್ಟ ಬಾರದಂತೆ ಹಾಕಿಕೊಂಡ ಗಡುವು:

ಪುಡಿಗಳು – ಎರಡು, ಮೂರು ತಿಂಗಳೊಳಗೆ ಮಾರಾಟವಾಗಲಿ.
ಒಣ ಎಲೆಗಳು (ತುಳಸಿ, ಪುದೀನ, ಮಜ್ಜಿಗೆ ಹುಲ್ಲು) – ಆರು ತಿಂಗಳು.
ಇಡೀ ಕಾಳುಗಳು, ಸಿಪ್ಪೆ ಸಮೇತ ಏಲಕ್ಕಿ – ಮುಂದಿನ ಬೆಳೆ ಬರುವವರೆಗೆ, ಅಂದರೆ ಒಂದು ವರ್ಷ.
ಲಾವಂಚದ ಬೇರು – ಒಣಗಿದ್ದರೆ ವರ್ಷಗಟ್ಟಲೆ.

ಹೇಗೆ ಇಡಬೇಕು?

1. ಎಲೆಗಳನ್ನು ನೆರಳಲ್ಲಿ, ಗಾಳಿ ಆಡುವ ಕಡೆ ತೆಳ್ಳಗೆ ಹರಡಿ ಒಣಗಿಸಿ. ಬಿರುಬಿಸಿಲಲ್ಲಿ ಎಣ್ಣೆ ಹಾರುತ್ತದೆ, ಬಣ್ಣವೂ ಹೋಗುತ್ತದೆ. ಮುರಿದರೆ ಪಟ್ ಎನ್ನಬೇಕು. ಬಾಗಿದರೆ ಇನ್ನೂ ಒಣಗಿಲ್ಲ.

2. ಪೂರ್ತಿ ತಣಿದ ಮೇಲೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ.

3. ತೆಳು ಪ್ಲಾಸ್ಟಿಕ್ ಚೀಲ ಬೇಡ. ಅದರ ಮೂಲಕ ಪರಿಮಳ ಸೋರುತ್ತದೆ, ಪ್ಲಾಸ್ಟಿಕ್ ಕೂಡ ಎಣ್ಣೆ ಹೀರುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಗಾಜಿನ ಭರಣಿ ಒಳ್ಳೆಯದು. ಮಾರಾಟಕ್ಕೆ ಒಳಗೆ ಅಲ್ಯೂಮಿನಿಯಂ ಪದರ ಇರುವ ಪೌಚ್ ಬಳಸಿ.

4. ಡಬ್ಬಿಯನ್ನು ಕಂಠದವರೆಗೆ ತುಂಬಿ. ಅರ್ಧ ಖಾಲಿ ಡಬ್ಬಿಯಲ್ಲಿ ಅರ್ಧ ಗಾಳಿ ಇರುತ್ತದೆ. ದೊಡ್ಡ ಡಬ್ಬಿ ಒಂದರ ಬದಲು ಸಣ್ಣವು ನಾಲ್ಕು ಇದ್ದರೆ ದಿನವೂ ತೆರೆಯುವುದು ಒಂದನ್ನು ಮಾತ್ರ.

5. ಗಾಜಿನ ಭರಣಿಯಾದರೆ ಕತ್ತಲಲ್ಲಿಡಿ. ಏಲಕ್ಕಿಯ ಹಸಿರು ಉಳಿಯಲು ಚೀಲದ ಒಳಗೆ ಕಪ್ಪು ಪ್ಲಾಸ್ಟಿಕ್ ಹಾಕುವ ರೂಢಿ ಇರುವುದೂ ಬೆಳಕಿನ ಕಾಟಕ್ಕೇ.

6. ಒಲೆಯ ಮೇಲಿನ ಅಟ್ಟ ಹಿಂದಿನವರಿಗೆ ಒಳ್ಳೆಯ ಉಗ್ರಾಣವಾಗಿತ್ತು, ನಿಜ. ಬಿತ್ತನೆ ಬೀಜಕ್ಕೆ, ಹುಳ ಬಾರದಿರಲು ಅದು ಸರಿ. ಆದರೆ ಪರಿಮಳದ ಸಾಮಾನಿಗೆ ಆ ಕಾವು, ಹೊಗೆ ಎರಡೂ ಆಗದು. ಮನೆಯ ತಂಪಾದ ಒಳಕೋಣೆಯಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.

7. ಒಣಮೀನು, ಸೋಪು, ಫಿನಾಯಿಲ್, ಸೀಮೆಎಣ್ಣೆ ಹತ್ತಿರ ಬೇಡವೇ ಬೇಡ. ಪರಿಮಳ ಬಿಡುವ ವಸ್ತು ಬೇರೆ ವಾಸನೆಯನ್ನು ಹಿಡಿದುಕೊಳ್ಳುತ್ತದೆ ಕೂಡ.

8. ಪ್ರತಿ ಡಬ್ಬಿಗೂ ಚೀಟಿ ಅಂಟಿಸಿ: ಖರೀದಿಸಿದ ದಿನ, ಒಣಗಿಸಿದ ದಿನ, ಪುಡಿ ಮಾಡಿದ ದಿನ. ಸ್ಟಾಕ್ ಪುಸ್ತಕದಲ್ಲೂ ಬರೆಯಿರಿ. ಮೊದಲು ಬಂದದ್ದು ಮೊದಲು ಹೋಗಲಿ. ಮಾರುವ ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ ಹಾಕುವುದು ಹೇಗೂ ಕಾನೂನಿನ ಪ್ರಕಾರ ಕಡ್ಡಾಯ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಪ್ರಯೋಗಾಲಯದಲ್ಲಿ ಎಣ್ಣೆ ಅಳೆಯಲು ಒಂದು ಗಾಜಿನ ಉಪಕರಣ ಇದೆ. 1928ರಲ್ಲಿ ಕ್ಲೆವೆಂಜರ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ವಿವರಿಸಿದರು, ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತಾರೆ. ತೂಕ ಮಾಡಿದ ಸಾಮಾನನ್ನು ನೀರಲ್ಲಿ ಕುದಿಸಿ, ಹಬೆಯ ಜೊತೆ ಬರುವ ಎಣ್ಣೆಯನ್ನು ಅಳತೆಯ ಕೊಳವೆಯಲ್ಲಿ ಹಿಡಿಯುತ್ತಾರೆ. ನಮಗೆ ಅಷ್ಟೆಲ್ಲ ಬೇಡ. ಎರಡು ಪರೀಕ್ಷೆ ಸಾಕು.

ಬಿಸಿನೀರಿನ ಪರೀಕ್ಷೆ: ಎರಡು ಲೋಟದಲ್ಲಿ ಒಂದೇ ಅಳತೆಯ ಬಿಸಿನೀರು ತೆಗೆದುಕೊಳ್ಳಿ. ಒಂದಕ್ಕೆ ಹಳೇ ಪುಡಿ ಒಂದು ಚಮಚ, ಇನ್ನೊಂದಕ್ಕೆ ಆಗತಾನೇ ಕುಟ್ಟಿದ ಪುಡಿ ಒಂದು ಚಮಚ. ಐದು ನಿಮಿಷ ಮುಚ್ಚಿಡಿ. ಯಾವುದು ಯಾವುದೆಂದು ಗೊತ್ತಿಲ್ಲದ ಸದಸ್ಯೆಯೊಬ್ಬರು ಮುಚ್ಚಳ ತೆಗೆದು ಮೂಸಿ ನೋಡಲಿ. ವ್ಯತ್ಯಾಸ ಕೂಡಲೇ ತಿಳಿದರೆ ಆ ಪುಡಿ ಮಾರಾಟಕ್ಕೆ ಆಗದು.

ಪೊಟ್ಟಣದ ಪರೀಕ್ಷೆ: ಪ್ಯಾಕ್ ಮಾಡಿದ ಪೊಟ್ಟಣ ಒಂದನ್ನು ವಾಸನೆ ಇಲ್ಲದ ಖಾಲಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಡಬ್ಬಿ ತೆರೆದಾಗ ಘಮ್ ಎಂದರೆ ಖುಷಿ ಪಡಬೇಡಿ! ಪೊಟ್ಟಣ ಸೋರುತ್ತಿದೆ.

ಉಳಿದುಹೋದ ಸ್ಟಾಕನ್ನು ಏನು ಮಾಡುವುದು?

ಇದೇ ಕಷ್ಟದ ಪ್ರಶ್ನೆ. ಆ ಸಂಘದ ಸಭೆಯಲ್ಲಿ ಇದರ ಬಗ್ಗೆ ಜೋರು ಮಾತಾಯಿತು. "ಹೊಸ ಪುಡಿಗೆ ಸ್ವಲ್ಪ ಸ್ವಲ್ಪ ಸೇರಿಸಿ ಮಾರಿಬಿಡುವ, ಯಾರಿಗೆ ಗೊತ್ತಾಗುತ್ತೆ? ಸಾಲದ ಕಂತು ಯಾರು ಕಟ್ಟೋದು?" ಎಂದರು ಕೆಲವರು. ಬಡತನದಲ್ಲಿ ಬಂದ ಮಾತು, ತಪ್ಪು ಹುಡುಕುವ ಹಾಗಿಲ್ಲ. ಆಗ ಹಿರಿಯ ಸದಸ್ಯೆಯೊಬ್ಬರು, "ಸೇರಿಸಿದ್ರೆ ಹಳೇದು ಹೊಸದಾಗಲ್ಲ ಅಕ್ಕಾ, ಹೊಸದೂ ಹಳೇದಾಗ್ತದೆ" ಎಂದರಂತೆ. ಮಾತು ಅಲ್ಲಿಗೆ ನಿಂತಿತು. 13 ಕಿಲೋವನ್ನು ಸದಸ್ಯೆಯರೇ ಹಂಚಿಕೊಂಡು, ಮನೆಯಲ್ಲಿ ಒಂದು ಚಮಚದ ಬದಲು ಎರಡು ಚಮಚ ಹಾಕಿ ಕುಡಿದು ಮುಗಿಸಿದರು. ಬಾಕಿ ಕಂತನ್ನು ಸಂಘದ ಉಳಿತಾಯದಿಂದ ತುಂಬಿ, ಐದು ತಿಂಗಳಲ್ಲಿ ಹಿಂದಕ್ಕೆ ಕಟ್ಟಿದರು.

ನೀವೂ ಹಾಗೆಯೇ ಮಾಡಬಹುದು. ಪರಿಮಳ ಹೋದ, ಆದರೆ ಕೆಡದ ಸಾಮಾನನ್ನು ಮನೆಬಳಕೆಗೆ ಉಪಯೋಗಿಸಿ. ಆದರೆ ಬೂಷ್ಟು ಬಂದದ್ದು, ಮುಗ್ಗಲು ವಾಸನೆ ಬರುವುದು ಇದ್ದರೆ ಮನೆಗೂ ಬೇಡ, ಮಾರಾಟಕ್ಕೂ ಬೇಡ, ದನಕ್ಕೂ ಬೇಡ. ಕೆಲವು ಬೂಷ್ಟುಗಳು ಬಿಡುವ ವಿಷ ಬಿಸಿಲಿಗೆ ಹಾಕಿದರೆ, ಹುರಿದರೆ, ಕುದಿಸಿದರೆ ಹೋಗುವಂತಹದ್ದಲ್ಲ. ಅಂತಹದ್ದನ್ನು ಗೊಬ್ಬರದ ಗುಂಡಿಗೆ ಹಾಕಿಬಿಡಿ.

ಮರುವರ್ಷ ಆ ಸಂಘದವರು ಕೊತ್ತಂಬರಿಯನ್ನು ಮಾರ್ಚ್‌ನಲ್ಲೇ ಕೊಂಡರು. ದರ ಇಳಿದಾಗ ಕೊಳ್ಳುವುದು ಬುದ್ಧಿವಂತಿಕೆಯೇ. ಆದರೆ ಈ ಸಲ ಇಡೀ ಕಾಳನ್ನೇ ಡಬ್ಬಿಗಳಲ್ಲಿ ಇಟ್ಟರು. ಹದಿನೈದು ದಿನಕ್ಕೊಮ್ಮೆ 5 ಕಿಲೋ ಮಾತ್ರ ಪುಡಿ. ಮಿಲ್ಲಿಗೆ ಹೋಗುವ ಸರದಿಯನ್ನು ನಿರ್ಣಯ ಪುಸ್ತಕದಲ್ಲಿ ಬರೆದುಕೊಂಡರು. ಅಂಗಡಿಯವರು ಮೊದಲು 2 ಕಿಲೋ ಮಾತ್ರ ತೆಗೆದುಕೊಂಡರು. "ನೋಡುವ, ಗಿರಾಕಿ ಏನು ಹೇಳ್ತಾರೆ ಅಂತ" ಎಂದರು. ಮೂರನೇ ಸಲಕ್ಕೆ ಪೂರ್ತಿ 5 ಕಿಲೋ ಕೇಳಿದರು. ಕಳೆದುಹೋದ ಪರಿಮಳ ವಾಪಸ್ ಬರುವುದಿಲ್ಲ. ಕಳೆದುಹೋದ ನಂಬಿಕೆ ನಿಧಾನಕ್ಕಾದರೂ ಬರುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ, ನಮ್ಮ ಮನೆಗಳಲ್ಲಿ ಈಗ ಇರುವ ಪುಡಿ, ಒಣ ಎಲೆಗಳು ಎಷ್ಟು ತಿಂಗಳಿನವು? ಚೀಟಿ ಅಂಟಿಸಿದ್ದೇವೆಯೇ?
2. ನಾವು ಪುಡಿ ಮಾಡುವುದು ಮಾರಾಟಕ್ಕೆ ತಕ್ಕಷ್ಟೋ, ಮಿಲ್ಲಿನ ಅನುಕೂಲಕ್ಕೆ ತಕ್ಕಷ್ಟೋ?
3. ಸಾಮಾನು ಇಡಲು ನಮ್ಮಲ್ಲಿ ಯಾರ ಮನೆಯ ಕೋಣೆ ಹೆಚ್ಚು ತಂಪು, ಹೆಚ್ಚು ಒಣ?
4. ಮುಂದಿನ ಸಭೆಗೆ ಹಳೇ ಪುಡಿ, ಹೊಸ ಪುಡಿ ತಂದು ಬಿಸಿನೀರಿನ ಪರೀಕ್ಷೆ ಮಾಡೋಣವೇ?